ಖಾಲಿ ಕುರ್ಚಿ ಹ್ಯಾಂಗ್ ಆಗಿರಲಿಲ್ಲ

ಗೆಳೆಯರೇ, ಇವತ್ತು ವೈಟ್‌ಫೀಲ್ಡಿನ ನಮ್ಮ ಆಫೀಸಲ್ಲಿ ರಿಸೆಪ್ಷನಿಸ್ಟ್ ಸರೋಜಮ್ಮನವರ ಬೀಳ್ಕೊಡುಗೆ. ಅಲ್ಲಿ ತೋರಿಸುವ ವಿಡಿಯೋದ ಎಡಿಟಿಂಗ್ ನನ್ನದು.

"ಹಾಲಿವುಡ್ ಥರ ಚಕಚಕ ಕಟ್ ಮಾಡಿ ಸಾರ್" ಅಂದಿದ್ದರು ಮ್ಯಾನೇಜರ್. ಕಟ್ಟು ಮೇಲೆ ಕಟ್ಟು, ಜೊತೆಗೆ ಡೋಲಿನ ಪೆಟ್ಟು, ಎಲ್ಲ ಹಾಕಿದೆ. ಕೊನೆಯಲ್ಲಿ ಮಾತ್ರ, ಹಳೇ ಜಪಾನಿ ಸಿನಿಮಾಗಳ ಹಾಗೆ, ಅವರ ಖಾಲಿ ಕುರ್ಚಿಯನ್ನು ಸದ್ದಿಲ್ಲದೆ, ಒಂದೂ ಕಟ್ ಇಲ್ಲದೆ ತುಂಬಾ ಹೊತ್ತು ಸುಮ್ಮನೆ ಬಿಟ್ಟಿದ್ದೆ.

ವಿಡಿಯೋ ಹಾಕಿದೆ; ಕೊನೆಗೆ ಪರದೆ ಮೇಲೆ ಕುರ್ಚಿ ಬಂತು. ಸರೋಜಮ್ಮ ಮುಂದಕ್ಕೆ ಬಾಗಿ ನೋಡತೊಡಗಿದರು.

"ಹ್ಯಾಂಗ್ ಆಯ್ತು ಸಾರ್, ರೀಸ್ಟಾರ್ಟ್ ಮಾಡಿ!" ಅಂತ ಕೂಗಿದರು ಮ್ಯಾನೇಜರ್.

ರೀಸ್ಟಾರ್ಟ್ ಮಾಡಿದ ಲ್ಯಾಪ್‌ಟಾಪ್ ಅಪ್‌ಡೇಟಿಗೆ ಕೂತಿತು. ಜನ ಸಮೋಸಕ್ಕೆ ಎದ್ದರು.

"ಇನ್ನೊಂಚೂರು ನೋಡ್ಬೇಕಿತ್ತು ಕಣ್ರೀ" ಅಂದರು ಸರೋಜಮ್ಮ.

ಪರದೆ ಮೇಲೆ ಸುತ್ತುತ್ತಿದ್ದ ಚಕ್ರವನ್ನೇ ನೋಡುತ್ತಾ ಇಬ್ಬರೂ ಕೂತಿದ್ದೆವು. ಆ ಚಕ್ರದ ಅಷ್ಟುದ್ದದ ಶಾಟನ್ನು ಮಾತ್ರ ಯಾರೂ ಕಟ್ ಮಾಡಿ ಅನ್ನಲಿಲ್ಲ.