ಐವತ್ತೆಂಟರ ಕಿಡ್ನಿ

ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಕರೆಯುವುದು ಡಬ್ಬಿ ಅಕ್ಕ ಅಂತ. ಮೂವತ್ತು ವರ್ಷದಿಂದ ಪುಟ್ಟ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಜೀವಕೋಶ ಸಾಕುವುದೇ ಕೆಲಸ. ದಿನ ಬಿಟ್ಟು ದಿನ ಹಳೇ ದ್ರವ ತೆಗೆದು ಹೊಸದು ಹಾಕಬೇಕು, ಇಲ್ಲದಿದ್ದರೆ ಸತ್ತೇಹೋಗುತ್ತವೆ. ಅವಳಿಗೆ ಕಂಡರಾಗದಿದ್ದದ್ದು ಮುದಿ ಕೋಶಗಳು. ತಾವೂ ಬೆಳೆಯೋದಿಲ್ಲ, ಸಾಯೋದೂ ಇಲ್ಲ, ಏನೇನೋ ರಸ ಉಗುಳಿ ಅಕ್ಕಪಕ್ಕದ ಎಳೇ ಕೋಶಗಳಿಗೂ ಉರಿಯೂತ ಹಚ್ಚುತ್ತವೆ. ಕಿಡ್ನಿಯದಾಗಲಿ, ರಕ್ತನಾಳದ್ದಾಗಲಿ, ಎಲ್ಲಾ ಒಂದೇ ಕಥೆ. "ಬಾಯಿ ಮುಚ್ಕೊಂಡು ಇರೋಕಾಗಲ್ವಾ ಮುದಿಗೂಬೆ?" ಅಂತ ಸೂಕ್ಷ್ಮದರ್ಶಕಕ್ಕೇ ಗದರುತ್ತಿದ್ದಳು.

ಅಂಥವಳ ತಮ್ಮನಿಗೇ ಎರಡೂ ಕಿಡ್ನಿ ಕೈಕೊಡಬೇಕೇ! ಕಟಿಂಗ್ ಅಂಗಡಿ ಇಟ್ಟವನು, ಬಿ.ಪಿ. ಜಾಸ್ತಿ ಇದೆ ಕಣೋ ಅಂತ ಅಕ್ಕ ಅಂದರೆ ವರ್ಷಗಟ್ಟಲೆ "ಅಯ್ಯೋ ಬಿಡೇ" ಅಂದವನು. ಈಗ ವಾರಕ್ಕೆ ಮೂರು ಸಲ ಡಯಾಲಿಸಿಸ್. ಮನೆಯವರಲ್ಲಿ ಹೊಂದಿಕೆಯಾದದ್ದು ಅಕ್ಕನ ಕಿಡ್ನಿ ಒಂದೇ.

ಅಕ್ಕ ಆಸ್ಪತ್ರೆಯ ಅರ್ಜಿಯಲ್ಲಿ ವಯಸ್ಸು ನಲವತ್ತೆಂಟು ಅಂತ ಬರೆದಳು. ನಿಜಕ್ಕೂ ಐವತ್ತೆಂಟು. ಎಲ್ಲಿ ಬೇಡ ಅಂದುಬಿಡುತ್ತಾರೋ ಅನ್ನೋ ಭಯ. ಮನೆಗೆ ಬಂದಮೇಲೆ ಅದಕ್ಕಿಂತ ದೊಡ್ಡ ಭಯ ಹಿಡಿಯಿತು: ತನ್ನ ಮುದಿ ಕಿಡ್ನಿ ತಮ್ಮನ ಹೊಟ್ಟೆಯಲ್ಲಿ ಕೂತು ಆ ಹಾಳು ರಸ ಉಗುಳಿದರೆ? ಡಬ್ಬಿಯಾದರೆ ಚೆಲ್ಲಿ ಹೊಸದು ಶುರುಮಾಡಬಹುದು. ತಮ್ಮ ಒಬ್ಬನೇ. ಎರಡು ದಿನ ಅವಳಿಗೆ ಊಟ ಸೇರಲಿಲ್ಲ.

ಮೂರನೇ ದಿನ ಡಾಕ್ಟರಮ್ಮನ ಮುಂದೆ ನಿಂತಳು. "ತಪ್ಪಾಯ್ತು ಡಾಕ್ಟ್ರೇ, ಸುಳ್ಳು ಬರ್ದೆ. ನಂಗೆ ಐವತ್ತೆಂಟು. ಮುದಿ ಕೋಶ ತುಂಬಿರೋ ಈ ಹಳೇ ಮಾಲು ಬೇಡ ಅನ್ನೋದಾದ್ರೆ ಈಗ್ಲೇ ಹೇಳಿಬಿಡಿ."

ಡಾಕ್ಟರಮ್ಮ ನಗು ತಡೆದುಕೊಳ್ಳಲಾಗದೆ ಫೈಲು ತೆಗೆದರು. "ನಿಮ್ಮ ಗುರುತಿನ ಚೀಟಿ ಮೊದಲ ಹಾಳೇಲೇ ಇದೆಯಲ್ಲಮ್ಮಾ! ಹುಟ್ಟಿದ ವರ್ಷ ಒಂದೇ ನೋಡಿ ನಾವು ಬೇಡ ಅನ್ನಲ್ಲ. ನಿಮ್ಮ ಕಿಡ್ನಿ ಚೆನ್ನಾಗಿ ಸೋಸ್ತಿದೆ, ರಕ್ತನಾಳ ಪೆಡಸಾಗಿಲ್ಲ, ಉರಿಯೂತದ ಸುಳಿವೂ ಇಲ್ಲ. ಮುದಿ ಕೋಶ ನನ್ನಲ್ಲೂ ಇವೆ, ನಿಮ್ಮಲ್ಲೂ ಇವೆ. ಸದ್ಯಕ್ಕೆ ನಿಮ್ಮ ತಮ್ಮನ ರಕ್ತನಾಳ ಕೆಡಿಸ್ತಿರೋದು ರಕ್ತದಲ್ಲಿ ಸೋಸದೆ ಉಳಿದ ಕೊಳೆ."

"ಹಾಗಾದ್ರೆ ಮುಹೂರ್ತ ಯಾವಾಗ?" ಅಂದಳು ಅಕ್ಕ. ಅವತ್ತು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಎರಡು ಊಟ ಹೊಡೆದಳು.

ಆಪರೇಷನ್ ಆದ ಮಾರನೇ ಬೆಳಗ್ಗೆ ನರ್ಸಮ್ಮನನ್ನು ಕಾಡಿ ಬೇಡಿ, ಗಾಲಿಕುರ್ಚಿಯಲ್ಲಿ ತಮ್ಮನ ಕೋಣೆಯ ಬಾಗಿಲವರೆಗೆ ಹೋದಳು. ಎಂಟು ತಿಂಗಳಿಂದ ಮೂತ್ರದ ಹನಿಯೂ ಕಾಣದಿದ್ದ ಮನುಷ್ಯ. ಮಂಚದ ಪಕ್ಕದ ಚೀಲ ತುಂಬಿ ತೂಗುತ್ತಿತ್ತು. ಅಕ್ಕನನ್ನು ಕಂಡದ್ದೇ ತಡ, ನಾಚಿಕೆ ಮಾನ ಎಲ್ಲಾ ಬಿಟ್ಟು, ಇಡೀ ವಾರ್ಡಿಗೆ ಕೇಳುವ ಹಾಗೆ ಕೂಗಿದ:

"ಅಕ್ಕಾ, ನಾಲ್ಕು ಲೀಟರ್ ಕಣೇ!"

ಅವಳು ಪಕ್ಕೆ ಒತ್ತಿ ಹಿಡಿದುಕೊಂಡು ನಕ್ಕಳು, ಅತ್ತಳು, ಮತ್ತೆ ನಕ್ಕಳು. "ಸುಮ್ನಿರೋ ಮಾರಾಯಾ," ಅಂದಳು, "ಹೊಲಿಗೆ ಬಿಚ್ಚಿಹೋಗತ್ತೆ!"