ಮೀನೆಣ್ಣೆ ಹಚ್ಚಿದ ಪ್ಲಗ್ಗು

ತದಡಿಯ ಮಾಬ್ಲನನ್ನು ನಾನು ಬೈದಷ್ಟು ಅವನ ಅಪ್ಪನೂ ಬೈದಿರಲಿಕ್ಕಿಲ್ಲ. ಕುಮಟೆಯ ಬಸ್‌ಸ್ಟ್ಯಾಂಡಿನ ಹಿಂದೆ ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿಯ ಅಂಗಡಿ ಇಟ್ಟುಕೊಂಡವನು ನಾನು, ವಿಘ್ನೇಶ್ವರ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಗಿರಾಕಿಗಳು ಹೇಳುವುದುಂಟು. ಹೇಳಲಿ. ಬಾವಿಕಟ್ಟೆಯಿಂದ ನೀರಿಗೆ ಬಿದ್ದ ರೇಡಿಯೋವನ್ನು "ತನ್ನಷ್ಟಕ್ಕೇ ಹಾಳಾತು" ಎಂದು ತಂದು ಎದುರಿಗಿಟ್ಟರೆ ಯಾರಿಗೆ ಸಿಟ್ಟು ಬರುವುದಿಲ್ಲ? ಮಾಬ್ಲ ಮಾತ್ರ ಬೈಸಿಕೊಂಡು ನಗುತ್ತಿದ್ದ. ಬೈದು ಮುಗಿಯಿತು ಅನ್ನಿಸಿದಾಗ, "ಆತಾ ವಿಘ್ನೇಶಣ್ಣ? ಹಾಂಗಾರೆ ಚಾ ಕುಡಿಯುವಾ" ಎನ್ನುತ್ತಿದ್ದ. ಅಂಥವನ ಮೇಲೆ ಸಿಟ್ಟು ಎಷ್ಟು ಹೊತ್ತು ನಿಲ್ಲುತ್ತದೆ, ನೀವೇ ಹೇಳಿ.

ಅವನದು ಮೀನುಗಾರರ ಮನೆ. ಅಪ್ಪ ಬೊಮ್ಮನಿಗೆ ಒಂದು ದೋಣಿ, ಆ ದೋಣಿಗೆ ಮಕ್ಕಳು ಜಾಸ್ತಿ. ಕೊನೆಯವನಾದ ಮಾಬ್ಲನಿಗೆ ದೋಣಿಯಲ್ಲಿ ಕೂರಲು ಜಾಗವೇ ಉಳಿದಿರಲಿಲ್ಲ. ಹಾಗಾಗಿ ಎಪ್ಪತ್ತರ ದಶಕದಲ್ಲಿ ಮುಂಬಯಿಗೆ ಹೋದ. ಅಲ್ಲೊಂದು ದೊಡ್ಡ ಹೋಟೆಲಿನಲ್ಲಿ ಬಟ್ಟೆ ತೊಳೆಯುವ, ಇಸ್ತ್ರಿ ಮಾಡುವ ಕೆಲಸ ಕಲಿತ. ಅಲ್ಲಿಂದ ಒಂದು ಬಿಳಿ ಹಡಗು ಹತ್ತಿದ. ಸರಕಿನ ಹಡಗಲ್ಲ. ದುಡ್ಡಿದ್ದವರು ಸುಮ್ಮನೆ ತಿರುಗಲಿಕ್ಕೆ ಹೋಗುವ ಹಡಗು. ಇದನ್ನು ಅವನು ಹೆಂಡತಿ ಗಂಗೆಗೆ ವಿವರಿಸಿದ್ದು ನನ್ನ ಅಂಗಡಿಯಲ್ಲೇ.

"ಮೀನು ಹಿಡಿಲಿಕ್ಕೆ ಹೋಗೂದಲ್ವಾ?" ಎಂದು ಗಂಗೆ ಕೇಳಿದಳು.

"ಅಲ್ಲ."

"ಊರಿಗೆ ಹೋಗೂದೂ ಅಲ್ವಾ?"

"ಅಲ್ಲ. ಹೊರಟಲ್ಲಿಗೇ ತಿರುಗಿ ಬತ್ರು."

"ಮತ್ತೆ ಎಂತಕ್ಕೆ ಹೋಗ್ತ್ರು?"

ಮಾಬ್ಲ ನನ್ನ ಮುಖ ನೋಡಿದ. ನನಗೂ ಗೊತ್ತಿರಲಿಲ್ಲ. ಅವರ ಹಣ, ಅವರ ಸಮುದ್ರ, ನಮಗೇನು ಎಂದು ಹೇಳಿ ಮಾತು ಮುಗಿಸಿದೆ.

ಹಡಗಿನ ಕೆಲಸ ಅವನಿಗೆ ಒಗ್ಗಿತ್ತು. ಒಂದೇ ಒಂದು ನೋವಿತ್ತು, ಅದು ದೊಡ್ಡ ಮಗ ದಾಸನದು. ದಾಸ ಹೊಟ್ಟೆಯಲ್ಲಿದ್ದಾಗ ಮಾಬ್ಲ ಹಡಗಿಗೆ ಹೋದವನು, ತಿರುಗಿ ಬರುವಾಗ ಹುಡುಗ ಅಂಗಳದಲ್ಲಿ ಓಡಾಡುತ್ತಿದ್ದ. ಅಪ್ಪನನ್ನು ಕಂಡವನೇ ಅಜ್ಜಿಯ ಸೀರೆಯ ಹಿಂದೆ ಅಡಗಿದ. ಮಿಠಾಯಿ ಕೊಟ್ಟರೂ ಬರಲಿಲ್ಲ. ರಜೆ ಇಡೀ ಮಾಬ್ಲನನ್ನು "ಮಾಮ" ಎಂದೇ ಕರೆದ. "ಅಪ್ಪ" ಎಂದು ಬಾಯಿ ಬರುವ ಹೊತ್ತಿಗೆ ರಜೆ ಮುಗಿದಿತ್ತು. ಊರವರಿಗೆ ಅದು ತಮಾಷೆ. ಮಾಬ್ಲನೂ ಎಲ್ಲರೊಡನೆ ನಕ್ಕಿದ್ದ. ನನ್ನ ಅಂಗಡಿಯ ಬೆಂಚಿನ ಮೇಲೆ ಕುಳಿತಾಗ ಮಾತ್ರ ನಗಲಿಲ್ಲ.

ಎಂಬತ್ಮೂರರಲ್ಲಿ ಗಂಗೆ ಮತ್ತೆ ಬಸುರಿಯಾದಳು. ಮಾಬ್ಲನಿಗೆ ಮತ್ತೆ ಹಡಗಿನ ಕರೆ ಬಂತು. ಅಂದು ಅವನು ನನ್ನ ಮೇಜಿನ ಮೇಲೆ ಕೈಯೂರಿ ಹೇಳಿದ: "ವಿಘ್ನೇಶಣ್ಣ, ಈ ಮಗುವೂ ನನಗೆ ಮಾಮ ಅಂದ್ರೆ ನನ್ನ ಕೈಲಿ ತಡೂಕೆ ಆಗೂದಿಲ್ಲ. ಎಂತಾರೂ ಮಾಡು."

ನಾನೇನು ಮಾಡಲಿ? ನಾನು ರಿಪೇರಿ ಮಾಡುವುದು ಟೇಪ್‌ರೆಕಾರ್ಡರನ್ನು. ಆದರೆ ಅವನ ಮಾತಿಗೆ ಉತ್ತರವೂ ಅದರಲ್ಲೇ ಇತ್ತು. ಭಟ್ಕಳದಲ್ಲಿ ಆಗ ಮನೆಮನೆಗೂ ದುಬೈ, ಮಸ್ಕತ್ತಿನಿಂದ ಕ್ಯಾಸೆಟ್ ಬರುತ್ತಿತ್ತು. ಗಂಡ ಅಲ್ಲಿ ಮಾತಾಡಿ ಕಳಿಸುವುದು, ಹೆಂಡತಿ ಇಲ್ಲಿ ಕೇಳಿ, ಅದರ ಮೇಲೆ ತಾನು ಮಾತಾಡಿ ಕಳಿಸುವುದು. ಕಾಗದ ಓದಲು ಬಾರದವರಿಗೂ, ಮನೆಯ ಮಾತನ್ನು ಪಕ್ಕದ ಮನೆಯವರ ಕೈಯಲ್ಲಿ ಓದಿಸಲು ನಾಚುವವರಿಗೂ ಇದರಷ್ಟು ಅನುಕೂಲ ಬೇರೆ ಇರಲಿಲ್ಲ. ಮಾಬ್ಲನಿಗೂ ಗಂಗೆಗೂ ಓದು ಬರಹ ಅಷ್ಟಕ್ಕಷ್ಟೇ. ಆಗಲೇ ಮಾಬ್ಲ ಭಟ್ಕಳದಲ್ಲಿ ಒಂದು ಟೇಪ್‌ರೆಕಾರ್ಡರ್ ಕೊಂಡಿದ್ದ, ಹಿಂದಿನ ಸಲ ಹಡಗಿಗೂ ಒಯ್ದಿದ್ದ. ಉಪ್ಪುಗಾಳಿಗೆ ಅದರ ಸೆಲ್ಲು ಹಾಕುವ ಜಾಗದ ಸ್ಪ್ರಿಂಗುಗಳೆಲ್ಲ ತುಕ್ಕು ತಿಂದು ಪುಡಿಯಾಗಿದ್ದವು.

"ಸಮುದ್ರಕ್ಕೆ ಒಯ್ಯುವ ಸಾಮಾನನ್ನು ಹೀಗಾ ಇಟ್ಟುಕೊಳ್ಳುವುದು?" ಎಂದು ಬೈದೆ. ಗಂಗೆ ಪಕ್ಕದಲ್ಲೇ ಕುಳಿತು ಕೇಳಿಸಿಕೊಂಡಳು. ಅವಳು ಹಾಗೆ ಗಮನವಿಟ್ಟು ಕೇಳಿದ್ದರಿಂದ ಮುಂದೆ ಏನಾಯಿತು ಎಂಬುದೇ ಈ ಕತೆ.

ಸೆಲ್ಲು ಇಲ್ಲದ ಮೇಲೆ ಕರೆಂಟೇ ಗತಿ. ಇಲ್ಲಿಯ ಪ್ಲಗ್ಗಿಗೆ ಮೂರು ದಪ್ಪ ಪಿನ್ನು, ಹಡಗಿನ ಗೋಡೆಯಲ್ಲಿ ಎರಡು ಸಪೂರ ತೂತು. ಪ್ರತಿ ಸಲ ವಾಯರು ಕತ್ತರಿಸಿ ಪ್ಲಗ್ಗು ಬದಲಿಸುತ್ತ ಕೂತರೆ ವಾಯರೇ ಉಳಿಯುವುದಿಲ್ಲ. ಮಾಬ್ಲ ಹಡಗಿನ ಕಸದ ಬುಟ್ಟಿಯಿಂದ ಒಂದು ಒಡೆದ ಪ್ಲಗ್ಗನ್ನು ಹೆಕ್ಕಿ ತಂದಿದ್ದ. ಅದರ ಪಿನ್ನು ಬಿಚ್ಚಿ, ಒಂದು ಹಲಸಿನ ಮರದ ತುಂಡನ್ನು ಕೊರೆದು ಅದಕ್ಕೆ ಕೂರಿಸಿ, ಇನ್ನೊಂದು ಬದಿಗೆ ನಮ್ಮ ಸಾಕೆಟ್ಟು ಬಿಗಿದು ಅಡಾಪ್ಟರ್ ಮಾಡಿಕೊಟ್ಟೆ. ಹೊಗಳಿಕೊಳ್ಳುತ್ತೇನೆ ಅಂತಲ್ಲ, ಚೆಂದ ಇತ್ತು. ಮಾಬ್ಲ ಹಡಗಿನಲ್ಲಿ ಮಾತಾಡುವುದು, ಗಂಗೆ ನನ್ನ ಅಂಗಡಿಗೆ ಬಂದು ಇಲ್ಲಿಯ ಟೇಪ್‌ರೆಕಾರ್ಡರಿನಲ್ಲಿ ಮಾತಾಡುವುದು ಎಂದು ಮಾತಾಯಿತು.

ಅಡಾಪ್ಟರನ್ನು ಅವರು ತದಡಿಗೆ ಒಯ್ದರು. ಮುಂದಿನದು ನನಗೆ ತಿಳಿದದ್ದು ಬಹಳ ತಡವಾಗಿ. ಮೀನುಗಾರರ ಮನೆಯಲ್ಲಿ ಉಪ್ಪುನೀರಿಗೆ ಹೋಗುವ ಮರಕ್ಕೆ ಮೀನೆಣ್ಣೆ ಕುಡಿಸದೆ ಕಳಿಸುವ ರೂಢಿಯಿಲ್ಲ. ದೋಣಿಯ ಹಲಗೆಯಿರಲಿ, ಹುಟ್ಟು ಇರಲಿ, ಎಣ್ಣೆ ಬಿದ್ದರೇ ಅದಕ್ಕೆ ಆಯುಷ್ಯ. ಗಂಗೆ ನೋಡಿದಳು: ಮರ ಇದೆ, ಸಮುದ್ರಕ್ಕೆ ಹೋಗುವುದಿದೆ, ಎಣ್ಣೆಯಿಲ್ಲದ ಹಿಂದಿನ ಸಾಮಾನು ತುಕ್ಕು ತಿಂದು ವಿಘ್ನೇಶಣ್ಣನ ಕೈಯಲ್ಲಿ ಬೈಸಿಕೊಂಡದ್ದೂ ಇದೆ. ತೆಂಗಿನ ಗೆರಟೆಯಲ್ಲಿ ಮೀನೆಣ್ಣೆ ಹೊಯ್ದು ನನ್ನ ಅಡಾಪ್ಟರನ್ನು ಅದರಲ್ಲಿ ಮುಳುಗಿಸಿಟ್ಟಳು. ಚೆನ್ನಾಗಿ ಕುಡಿದ ಮೇಲೆ ತೆಗೆದು, ಹೊಸ ದೋಣಿಗೆ ಹಚ್ಚುವ ಹಾಗೆ ಮೇಲಿಂದ ಮತ್ತೊಂದು ಕೈ ಹಚ್ಚಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಗಂಡನ ಟ್ರಂಕಿನಲ್ಲಿಟ್ಟಳು. ಆಮೇಲೊಮ್ಮೆ ಕೇಳಿದೆ, "ಕರೆಂಟಿನ ಸಾಮಾನಿಗೆ ಎಣ್ಣೆ ಹಚ್ಚುವುದು ಯಾವ ಶಾಸ್ತ್ರದಲ್ಲಿದೆ ಮಾರಾಯ್ತಿ?" "ತುಕ್ಕು ಹಿಡಿತಾ ಮತ್ತೆ? ಇಲ್ಲ ಅಲ್ವಾ?" ಎಂದಳು. ಇಂಥವರ ಹತ್ತಿರ ಏನು ಮಾತಾಡುವುದು!

ಹಡಗಿನಲ್ಲಿ ಮಾಬ್ಲನ ಮಂಚದ ಪಕ್ಕದಲ್ಲೇ ಸಾಕೆಟ್ಟು, ಸಾಕೆಟ್ಟಿನ ಕೆಳಗೆ ಬಟ್ಟೆ ತೊಳೆಯುವಲ್ಲಿಗೆ ಹೋಗುವ ಬಿಸಿ ಉಗಿಯ ಪೈಪು. ಕೆಲಸ ಮುಗಿಸಿ ಬಂದು ಅಡಾಪ್ಟರ್ ಸಿಕ್ಕಿಸಿ, ಹೊರಡುವ ಮುಂಚೆ ಗಂಗೆ ಮಾತು ತುಂಬಿಸಿಕೊಟ್ಟ ಕ್ಯಾಸೆಟ್ ಹಾಕಿ, ಕಣ್ಣುಮುಚ್ಚಿ ಮಲಗುತ್ತಿದ್ದ. ಗಂಗೆ ಮಾತಾಡುತ್ತಿದ್ದಳು. ಪೈಪಿನ ಬಿಸಿಗೆ ಹಲಸಿನ ತುಂಡು ಕುಡಿದ ಎಣ್ಣೆಯನ್ನು ಬೆವರತೊಡಗಿತು. ಆ ಕೋಣೆಯ ಗಾಳಿ ಹೋಗುವ ಕೊಳವೆ ಮೇಲಂತಸ್ತಿನ ಪ್ರಯಾಣಿಕರ ಓಣಿಗೂ ಹೋಗುತ್ತಿತ್ತು.

ಮೀನೆಣ್ಣೆಯ ವಾಸನೆ ಗೊತ್ತಿಲ್ಲದವರಿಗೆ ಅದನ್ನು ಹೇಳಿ ತಿಳಿಸುವುದು ಕಷ್ಟ. ಗೊತ್ತಿದ್ದವರಿಗೆ ಹೇಳುವ ಅಗತ್ಯವಿಲ್ಲ. ಸೆಂಟು ಹಾಕಿಕೊಂಡ ಮೇಡಮ್ಮಂದಿರು ಮೂಗು ಮುಚ್ಚಿಕೊಂಡು ಓಡಿದರಂತೆ. ಅಡಿಗೆಯವನ ಮೇಲೆ ಗುಮಾನಿ ಬಂತು. ಅವನು ಒಳ್ಳೇ ತಾಜಾ ಮೀನನ್ನೆಲ್ಲ ಸಮುದ್ರಕ್ಕೆ ಚೆಲ್ಲಿದ. ವಾಸನೆ ಹೋಗಲಿಲ್ಲ. ಆ ಓಣಿಯ ಪರದೆಗಳನ್ನೆಲ್ಲ ಇಳಿಸಿ ತೊಳೆಯಲಿಕ್ಕೆ ಹಾಕಿದರು. ತೊಳೆದವನು ಯಾರು? ನಮ್ಮ ಮಾಬ್ಲನೇ. ಹಗಲಿಡೀ ಪರದೆ ತೊಳೆದು, "ಯಾವ ಗಲೀಜು ಮನುಷ್ಯ ಇದನ್ನು ಮಾಡಿದನೋ" ಎಂದು ಶಾಪ ಹಾಕಿ, ಕೋಣೆಗೆ ಬಂದು ಮತ್ತೆ ಅದೇ ಅಡಾಪ್ಟರ್ ಸಿಕ್ಕಿಸುತ್ತಿದ್ದ.

"ನಿನಗೆ ಮೂಗಿಲ್ಲವಾ?" ಎಂದು ಅವನು ಊರಿಗೆ ಬಂದ ಮೇಲೆ ಕೇಳಿದ್ದೆ ನಾನು.

ಅವನು ಹೇಳಿದ: "ವಾಸನೆ ಬತ್ತಿತ್ತು ವಿಘ್ನೇಶಣ್ಣ. ಗಂಗೆ ಸ್ವರ ಕೇಳ್ತಿದ್ದಂಗೇ ಮನೆ ವಾಸನೆ ಬತ್ತಿತ್ತು. ಅದು ನನ್ನ ಮನಸ್ಸಿಂದೇ ಬಪ್ಪೂದು ಅಂದ್ಕಂಡಿದ್ದೆ."

ಕಡೆಗೆ ಹಡಗಿನ ಎಲೆಕ್ಟ್ರಿಕ್ ಆಫೀಸರು ಪತ್ತೆ ಮಾಡಿದ. ಅವನು ಗೋವೆಯವನು. ಮೇಲಿನ ಓಣಿಯಲ್ಲಿ ಒಮ್ಮೆ ಮೂಗೆಳೆದವನೇ ಯಾರನ್ನೂ ಕೇಳದೆ ಮೆಟ್ಟಿಲಿಳಿದು ನೇರ ಮಾಬ್ಲನ ಮಂಚದ ಹತ್ತಿರ ಬಂದು ನಿಂತ. ಅಡಾಪ್ಟರನ್ನು ಕಿತ್ತು ಮೂಸಿ ನೋಡಿ ಕೊಂಕಣಿಯಲ್ಲಿ ಕೇಳಿದ, "ನಿಮ್ಮ ಮನೆಯಲ್ಲಿ ದೋಣಿ ಇದೆಯಾ?" ಮಾಬ್ಲನಿಗೆ ಕೊಂಕಣಿ ಚೆನ್ನಾಗಿ ಬರುತ್ತಿತ್ತು. ಇದೆ ಎಂದ. "ನಮ್ಮಪ್ಪನಿಗೂ ಇತ್ತು" ಎಂದು ಹೇಳಿದ ಆ ಮನುಷ್ಯ, ಅಡಾಪ್ಟರನ್ನು ಕಿಸೆಗೆ ಹಾಕಿಕೊಂಡ. ಕೈಯಲ್ಲಿ ಮಾಡಿದ ಕರೆಂಟಿನ ಸಾಮಾನು ಹಡಗಿನಲ್ಲಿ ಇಟ್ಟುಕೊಳ್ಳುವಂತಿಲ್ಲ, ಬೆಂಕಿಯ ಭಯ. ಕ್ಯಾಪ್ಟನನಿಗೆ ಗೊತ್ತಾದರೆ ಮುಂದಿನ ಬಂದರಿನಲ್ಲೇ ಇಳಿಸುತ್ತಾರೆ. ಇಷ್ಟು ಹೇಳಿ ಹೋದ. ಮೇಲಿನವರಿಗೆ ಪೈಪು ಸೋರುತ್ತಿತ್ತು, ಸರಿಮಾಡಿದೆ ಎಂದು ತಿಳಿಸಿ ಗಲಾಟೆ ಮುಗಿಸಿದ.

ಕೆಲಸ ಉಳಿಯಿತು. ಆದರೆ ಟೇಪ್‌ರೆಕಾರ್ಡರ್ ಮೂಕಾಯಿತು. ಹೆಣ್ಣುಮಗು ಹುಟ್ಟಿತೆಂದು ಟೆಲಿಗ್ರಾಂ ಮುಂಚೆಯೇ ಬಂದಿತ್ತು. ಮುಂದೆ ಒಂದು ಬಂದರಿನಲ್ಲಿ, ಅಂಚೆಯಲ್ಲಿ ಬಂದ ಗಂಗೆಯ ಕ್ಯಾಸೆಟ್ ಸಿಕ್ಕಿತು. ಅದನ್ನು ನನ್ನ ಅಂಗಡಿಯಲ್ಲೇ ತುಂಬಿಸಿದ್ದು. ಎಳೆಗೂಸನ್ನು ಎತ್ತಿಕೊಂಡು ದೋಣಿಯಲ್ಲಿ ಹೊಳೆ ದಾಟಿ, ಬಸ್ಸು ಹತ್ತಿ ಬಂದ ಗಂಗೆ, "ವಿಘ್ನೇಶಣ್ಣ, ಒಂಚೂರು ಹೊರಗೆ ಕೂತ್ಕಳಿ, ನಂಗೆ ನಾಚಿಕೆ ಆತದೆ" ಎಂದು ನನ್ನ ಅಂಗಡಿಯಿಂದ ನನ್ನನ್ನೇ ಹೊರಗೆ ಹಾಕಿದ್ದಳು. ನಾನು ಬಿಸಿಲಲ್ಲಿ ಕೂತೆ. ಒಳಗೆ ಮಗು ಊರಿಗೆ ಕೇಳುವ ಹಾಗೆ ಅರಚಿತು. ಆ ಅರಚಾಟವೆಲ್ಲ ಈಗ ಮಾಬ್ಲನ ಕಿಸೆಯಲ್ಲಿತ್ತು, ಕೇಳುವ ದಾರಿ ಮಾತ್ರ ಇರಲಿಲ್ಲ. ಅವನು ಕ್ಯಾಸೆಟ್ಟನ್ನೇ ಕಿವಿಗೆ ಹಿಡಿದು ಅಲ್ಲಾಡಿಸಿ ನೋಡಿದನಂತೆ. ತಾನು ಮಾತಾಡಿ ಕಳಿಸದಿದ್ದರೆ ಈ ಮಗುವಿಗೂ ತಾನು ಮಾಮನೇ ಎಂಬ ಹೆದರಿಕೆ ಅವನನ್ನು ತಿನ್ನತೊಡಗಿತು.

ಕೊನೆಗೆ ಇಳಿಸಿದರೆ ಇಳಿಸಲಿ ಎಂದು ಆಫೀಸರನ ವರ್ಕ್‌ಶಾಪಿಗೇ ಹೋಗಿ ನಿಂತ. ದಾಸನ ಕತೆ ಹೇಳಿದ. ಕ್ಯಾಸೆಟ್ ತೋರಿಸಿದ. ಆಫೀಸರು ಬಾಗಿಲು ಹಾಕಿ, ಪೆಟ್ಟಿಗೆಯಿಂದ ನನ್ನ ಅಡಾಪ್ಟರನ್ನು ತೆಗೆದ.

"ಇಲ್ಲಿ ಹಾಕು, ನನ್ನ ಕಣ್ಣೆದುರಿಗೆ. ಇಲ್ಲಿಯ ಫ್ಯಾನು ಗಾಳಿಯನ್ನು ಹೊರಗೆ ಸಮುದ್ರಕ್ಕೇ ದೂಡುತ್ತದೆ."

ಗೋಡೆಯ ಮೇಲೆ ಕಂಪನಿಯ ಹೊಸ ಅಡಾಪ್ಟರುಗಳು ಸಾಲಾಗಿ ತೂಗುತ್ತಿದ್ದವು. ಮಾಬ್ಲ ಅವುಗಳತ್ತ ಕೈ ತೋರಿಸಿ, "ಅದರಲ್ಲಿ ಒಂದು ಕೊಡಿ, ವಾಸನೆ ಇರೂದಿಲ್ಲ" ಎಂದ.

"ಅದಕ್ಕೇ ಬೇಡ" ಎಂದ ಆಫೀಸರು, ಕುರ್ಚಿ ಎಳೆದುಕೊಂಡು ಕುಳಿತ.

ಮಗು ಅರಚಿತು. ಮಾಬ್ಲ ಅತ್ತ. ಆಫೀಸರು ಕೈಯಲ್ಲಿದ್ದ ಕೆಲಸ ಬಿಟ್ಟು ಉದ್ದಕ್ಕೆ ಉಸಿರೆಳೆದುಕೊಂಡ. ಅವನ ಅಪ್ಪ ಹೋಗಿ, ದೋಣಿ ಮಾರಿಹೋಗಿ ಬಹಳ ಕಾಲವಾಗಿತ್ತಂತೆ. ಆಮೇಲೆ ಮಾಬ್ಲನಿಗೆ ಬಿಡುವಾದಾಗಲೆಲ್ಲ ವರ್ಕ್‌ಶಾಪಿನ ಬಾಗಿಲು ತೆರೆದಿರುತ್ತಿತ್ತು. ಅಲ್ಲಿಂದಲೇ ಅವನು ಮಗಳಿಗೆ ಮಾತು ತುಂಬಿಸಿ ಕಳಿಸಿದ.

ಎಳೆಗೂಸಿನ ಹತ್ತಿರ ಗಂಡಸು ಏನು ಮಾತಾಡುತ್ತಾನೆ? ಅವನಿಗೆ ಗೊತ್ತಿದ್ದದ್ದು ತೊಳೆಯುವುದೊಂದೇ. ಪ್ರತಿ ಕ್ಯಾಸೆಟ್ಟೂ ಒಂದೇ ರೀತಿ ಶುರು: "ಕಮಲೀ, ನಾನು ನಿನ್ನ ಅಪ್ಪ. ಇವತ್ತು ಎಂತ ತೊಳ್ದೆ ಕೇಳು." ಆಮೇಲೆ ಚಾದರ, ದಿಂಬಿನ ಕವರು, ಪರದೆ, ಮೇಜಿನ ಬಟ್ಟೆ, ಯಾರೋ ಚೆಲ್ಲಿದ ಸಾರು, ಯಾರದೋ ತುಟಿಯ ಬಣ್ಣ. ಇದನ್ನು ಕೇಳಿಸಲಿಕ್ಕೆ ಗಂಗೆ ಮಗುವನ್ನು ಎತ್ತಿಕೊಂಡು ನನ್ನ ಅಂಗಡಿಗೆ ಬರುತ್ತಿದ್ದಳು. ಕಮಲಿ ಮೊದಮೊದಲು ಕೇಳುತ್ತ ನಿದ್ದೆ ಹೋಗುತ್ತಿದ್ದಳು. ಕೂರಲು ಕಲಿತ ಮೇಲೆ ನನ್ನ ಮೇಜಿನ ಮೇಲೇ ಅವಳ ಸಿಂಹಾಸನ. ಸ್ವರ ನಿಂತರೆ ಸಾಕು, ತಾನೇ ಬಟನ್ ಒತ್ತುತ್ತಿದ್ದಳು. ಅದು ಸ್ವಲ್ಪ ಗಟ್ಟಿ ಬಟನ್ನು, ಬೆರಳೂರಿ ಒತ್ತಬೇಕು. ಮುರೀತದೆ ಎಂದು ಬೈದರೆ ನನ್ನ ಮುಖ ನೋಡಿ ನಗುತ್ತಿದ್ದಳು. ಥೇಟು ಅಪ್ಪನದೇ ಬುದ್ಧಿ.

ಎಂಬತ್ತೈದರಲ್ಲಿ ಮಾಬ್ಲ ಬಂದ. ಇಳಿಯುವಾಗ ಆಫೀಸರು ಅಡಾಪ್ಟರನ್ನು ತನಗೇ ಕೊಡು ಎಂದು ಕೇಳಿದನಂತೆ, ಅದರ ಬದಲಿಗೆ ಗೋಡೆಯ ಮೇಲಿನ ಹೊಸದೊಂದನ್ನು ಕೊಟ್ಟಿದ್ದ. ನನ್ನ ಕೈಕೆಲಸವನ್ನು ಅವನಿಗೆ ಕೊಟ್ಟುಬಂದೆಯಾ ಎಂದು ಬೈಯಬೇಕೆಂದಿದ್ದೆ. ಆದರೆ ಆ ಹೊತ್ತಿಗೆ ಅದಕ್ಕೆಲ್ಲ ಪುರಸೊತ್ತು ಎಲ್ಲಿ? ಮುಂಬಯಿ ಬಸ್ಸು ಕುಮಟೆಯಲ್ಲಿ ಇಳಿಸುತ್ತದೆಂದು ಗಂಗೆ ಮಕ್ಕಳೊಡನೆ ಬೆಳಿಗ್ಗೆಯೇ ಬಂದು ನನ್ನ ಬೆಂಚಿನ ಮೇಲೆ ಕುಳಿತಿದ್ದಳು. ಟ್ರಂಕು ಹೊತ್ತು ಮಾಬ್ಲ ಬಾಗಿಲಲ್ಲಿ ನಿಂತ. ದಾಸ ಓಡಿಹೋಗಿ ಅಪ್ಪನ ಕಾಲು ಹಿಡಿದ. ಕಮಲಿ ಒಮ್ಮೆ ನೋಡಿದಳು, ಕಿಟಾರನೆ ಕಿರುಚಿ ಅಮ್ಮನ ಕುತ್ತಿಗೆಯಲ್ಲಿ ಮುಖ ಹುದುಗಿಸಿದಳು.

ಮಾಬ್ಲನ ಮುಖದಿಂದ ನಗು ಇಳಿದುಹೋಯಿತು. ಟ್ರಂಕನ್ನು ಕೆಳಗಿಡಲೂ ಮರೆತು ನಿಂತುಬಿಟ್ಟ. ಅವನನ್ನು ನೋಡಲಾಗದೆ ನನಗೆ ಸಿಟ್ಟೇ ಬಂತು.

"ಬಾಯಿ ಬಿಡೋ ಮಾರಾಯ! ಇಲ್ಲದಿದ್ದಾಗ ನನ್ನ ತಲೆ ತಿಂದೆ, ಈಗ ಎಂತಾತು ನಿನಗೆ?"

ಅವನು ಮೆಲ್ಲಗೆ ಅಂದ: "ಕಮಲೀ, ನಾನು ನಿನ್ನ ಅಪ್ಪ. ಇವತ್ತು ಎಂತ ತೊಳ್ದೆ ಕೇಳು."

ಅಳು ನಿಂತಿತು. ಕಮಲಿ ಮುಖ ಎತ್ತಿ ಮೊದಲು ನನ್ನ ಮೇಜಿನ ಮೇಲಿದ್ದ ಟೇಪ್‌ರೆಕಾರ್ಡರನ್ನು ನೋಡಿದಳು. ಅದು ಮುಚ್ಚಳ ಬಿಚ್ಚಿಕೊಂಡು ಸುಮ್ಮನೆ ಬಿದ್ದಿತ್ತು. ಆಮೇಲೆ ಅವನನ್ನು ನೋಡಿದಳು. ಮಾಬ್ಲ ಮುಂದೇನೋ ಹೇಳಹೋದ, ಮಾತು ಅಲ್ಲಿಗೇ ನಿಂತಿತು. ಕಮಲಿ ಅಮ್ಮನ ಸೊಂಟದಿಂದ ಮುಂದೆ ಬಾಗಿ, ಕೈ ಚಾಚಿ, ಒಂದು ಬೆರಳಿನಿಂದ ಅವನ ಮೂಗನ್ನು ಒತ್ತಿದಳು. ಸ್ವರ ಬರಲಿಲ್ಲ. ಗಟ್ಟಿ ಬಟನ್ನು ಅಂದುಕೊಂಡಳೋ ಏನೋ, ಬೆರಳೂರಿ ಇನ್ನೊಮ್ಮೆ ಒತ್ತಿದಳು.

ಮಾಬ್ಲ ಟ್ರಂಕು ಇಳಿಸಿ, ಅವಳನ್ನು ಎತ್ತಿಕೊಂಡು ಶುರುಮಾಡಿದ: ಚಾದರ, ದಿಂಬಿನ ಕವರು, ಪರದೆ, ಮೇಜಿನ ಬಟ್ಟೆ.