ಅಣ್ಣನ ಕಲ್ಲುಬೆಂಚಿನ ಕೆಳಗಿನ ಗಾಳಿ

ಮೂವತ್ತೊಂದು ವರ್ಷ ಕಂಡವರ ಅಡುಗೆಮನೆಯ ಹೊಗೆಯನ್ನೆಲ್ಲ ಹೊರಗೆ ಅಟ್ಟಿದ ಮನುಷ್ಯನಿಗೆ, ತನ್ನದೇ ಹಿತ್ತಲಿನ ಒಂದು ಕೋಣೆಯ ಗಾಳಿ ಹೊರಗೆ ಹಾಕುವುದು ಇಷ್ಟು ತಲೆನೋವಾದೀತೆಂದು ಅನ್ನಿಸಿರಲಿಲ್ಲ. ಹೋಟೆಲು, ಆಸ್ಪತ್ರೆ, ಸಿನಿಮಾ ಮಂದಿರ, ಎಲ್ಲಿ ಫ್ಯಾನು ಕೆಟ್ಟರೂ ಏಣಿ ಹೊತ್ತು ಹೋಗುವವನು ಅವನೇ. ಜನ ಫ್ಯಾನಪ್ಪ ಅಂತಲೇ ಕರೆಯುತ್ತಿದ್ದರು. ಈಗ ಐವತ್ತಾರು. ಏಣಿ ಅದೇ ಹಳೆಯದು, ಮೆಟ್ಟಿಲು ಮಾತ್ರ ವರ್ಷಕ್ಕೊಂದು ಹೆಚ್ಚುತ್ತಿರುವ ಹಾಗಿತ್ತು.

ಕೋಣೆ ಹೆಂಡತಿಯದು. ಇಪ್ಪತ್ತು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ನಿಂತೇ ಇಸ್ತ್ರಿ ಹಾಕಿ ಅವಳ ಸೊಂಟ ಬಿದ್ದುಹೋಗಿತ್ತು. ಕೆಲಸ ಬಿಟ್ಟು, ಹಿತ್ತಲಿನ ಸಾಮಾನು ಕೋಣೆಯಲ್ಲಿ ಅಣಬೆ ಬೆಳೆಯಲು ಶುರುಮಾಡಿದ್ದಳು. ಬೇಯಿಸಿದ ಹುಲ್ಲು ತುಂಬಿದ ಚೀಲಗಳು ಸೂರಿನಿಂದ ಸಾಲಾಗಿ ತೂಗುತ್ತಿದ್ದವು. ಇಬ್ಬರು ಹೋಟೆಲಿನವರು ಕೊಳ್ಳಲು ಒಪ್ಪಿದ್ದರು. ಕೋಣೆ ಕೈತಪ್ಪಿದರೆ ಮತ್ತೆ ಇಸ್ತ್ರಿ ಮೇಜೇ ಗತಿ.

ತಪ್ಪುವುದಕ್ಕೆ ಕಾರಣವೂ ಮನೆಯಲ್ಲೇ ಇತ್ತು. ಮನೆ ಅಣ್ಣನ ಹೆಸರಿನಲ್ಲಿತ್ತು. ಅಣ್ಣ ಕಟ್ಟಡಗಳ ನಕ್ಷೆ ಮಂಜೂರು ಮಾಡುವ ಕಚೇರಿಯಿಂದ ನಿವೃತ್ತರಾಗಿ ಎಂಟು ವರ್ಷ ಕಳೆದಿದ್ದರೂ, ಇವತ್ತಿಗೂ ಮಜ್ಜಿಗೆಯನ್ನೂ ಪರಿಶೀಲಿಸಿಯೇ ಕುಡಿಯುತ್ತಿದ್ದರು. "ಮನೆ ಅಂದ್ರೆ ಮನೆ. ವ್ಯಾಪಾರ-ಗೀಪಾರ ಕಣ್ಣಿಗೆ ಬಿದ್ರೆ ಅವತ್ತೇ ಆ ಕೋಣೆಗೆ ಬೀಗ," ಎಂದು ಹೇಳಿಟ್ಟಿದ್ದರು. ಒಳಗೆ ಹಳೇ ಸಾಮಾನಿದೆ ಅಂತ ಅವರ ನಂಬಿಕೆ.

ಮೊದಲ ಬೆಳೆಯನ್ನು ಹೋಟೆಲಿನವರು ಬುಟ್ಟಿಸಮೇತ ವಾಪಸು ಕಳಿಸಿದರು.

"ನೋಡ್ರಿ ಇದನ್ನ," ಎಂದಳು ಹೆಂಡತಿ. "ಕತ್ತು ಗೇಣುದ್ದ, ತಲೆ ಅಂಗಿ ಗುಂಡಿಯಷ್ಟು."

"ಒಳಗೆ ಗಾಳಿ ಆಡ್ತಿಲ್ಲ ಕಣೇ. ಉಸಿರು ಕಟ್ಟಿದ್ರೆ ಅಣಬೆ ಕತ್ತು ಉದ್ದ ಮಾಡ್ತದೆ."

"ನಾನೂ ಈ ಮನೇಲಿ ಇಪ್ಪತ್ತು ವರ್ಷದಿಂದ ಕತ್ತು ಉದ್ದ ಮಾಡ್ತಿದೀನಿ. ನನಗೆ ಯಾವಾಗ ಫ್ಯಾನ್ ಹಾಕ್ತೀರಿ?"

ಅದಕ್ಕೆ ಉತ್ತರ ಹುಡುಕುವುದಕ್ಕಿಂತ ಗೋಡೆ ಕೊರೆಯುವುದು ಸುಲಭ ಅನ್ನಿಸಿ ಫ್ಯಾನಪ್ಪ ಎದ್ದ. ಆದರೆ ಯಾವ ಗೋಡೆ? ಒಂದು ಕಡೆ ಪಕ್ಕದ ಮನೆಯವರ ಅಡುಗೆಮನೆ ಕಿಟಕಿ, ಇನ್ನೊಂದು ಕಡೆ ಅಣ್ಣ ಮಲಗುವ ಕೋಣೆ, ಮತ್ತೊಂದು ಕಡೆ ಬೀದಿ. ಉಳಿದದ್ದು ಅಂಗಳದ ಮರದಡಿಯ ಗೋಡೆ. ಅಲ್ಲಿ ಹಳೆಯ ಮೋರಿ ತೂತೊಂದಿತ್ತು. ಅದು ಹೊರಗೆ ಬಾಯಿ ಬಿಡುತ್ತಿದ್ದುದು ಮಾತ್ರ ಅಣ್ಣ ಮಧ್ಯಾಹ್ನ ಪೇಪರ್ ಓದುವ ಕಲ್ಲುಬೆಂಚಿನ ಕೆಳಗೆ. ಫ್ಯಾನಪ್ಪ ಯೋಚಿಸಿದ. ಅಣ್ಣನ ಮಂಡಿ ಬಗ್ಗುವುದಿಲ್ಲ. ಬೆಂಚಿನ ಕೆಳಗೆ ಅವರು ನೋಡುವುದು ಈ ಜನ್ಮದಲ್ಲಿಲ್ಲ.

ಅಣ್ಣ ನಿವೃತ್ತರ ಸಂಘಕ್ಕೆ ಹೋಗುವ ಮೂರು ಭಾನುವಾರ ಕೆಲಸ ನಡೆಯಿತು. ಫ್ಯಾನನ್ನು ಸೈಕಲ್ ಟ್ಯೂಬಿನ ಪಟ್ಟಿಗಳಲ್ಲಿ ತೂಗುಹಾಕಿದ, ಗುಂಯ್‌ಗುಡಬಾರದು ಅಂತ. ಕೊಳವೆಗೆ ಹಳೇ ಹಾಸಿಗೆ ಸುತ್ತಿದ. ಹುಲ್ಲಿನ ವಾಸನೆ ಹೀರಲು ತಗಡಿನ ಡಬ್ಬಿಯಲ್ಲಿ ಇದ್ದಿಲು, ಅಣಬೆ ಉದುರಿಸುವ ಬಿಳಿ ಪುಡಿ ತಡೆಯಲು ನಾಲ್ಕು ಪದರ ಬಟ್ಟೆ. ಗಾಳಿ ಒಳಬರುವ ಕಿಟಕಿಗೆ ಒದ್ದೆ ಗೋಣಿಚೀಲ. ಮುಗಿಸಿ ಬೆನ್ನು ನೆಟ್ಟಗೆ ಮಾಡಿಕೊಳ್ಳಲು ಎರಡು ದಿನ ಬೇಕಾಯಿತು.

ಮೂರನೆಯ ದಿನ ಅಣ್ಣನ ಕೂಗು.

"ಏನೋ, ಬಾ ಇಲ್ಲಿ. ಕಾಲು ಹೀಗಿಡು. ಏನನ್ನಿಸ್ತದೆ?"

ಫ್ಯಾನಪ್ಪ ಬೆಂಚಿನ ಬಳಿ ಕಾಲಿಟ್ಟು ಹಿಂದಕ್ಕೆಳೆದುಕೊಂಡ. "ಏನಿಲ್ಲವಲ್ಲ ಅಣ್ಣ."

"ಏನಿಲ್ವಾ? ಮೂವತ್ತು ವರ್ಷ ಗಾಳಿ ಕೆಲಸ ಮಾಡಿದವನಿಗೆ ತಂಗಾಳಿ ಗೊತ್ತಾಗಲ್ವಾ? ಈ ಮನೆ ನಕ್ಷೆ ಹಾಕಿದ್ದು ಯಾರು? ಗಾಳಿಯ ದಿಕ್ಕು ನೋಡಿ ಈ ಗೋಡೆ ಓರೆ ಮಾಡಿಸಿದವನು ನಾನು. ಮೇಸ್ತ್ರಿ ನಕ್ಕಿದ್ದ. ಈಗ ಬಂದು ಕೂರಲಿ."

ಗೋಡೆ ಓರೆಯಾದದ್ದು ಮೇಸ್ತ್ರಿಯ ದಾರ ಸಡಿಲವಾಗಿದ್ದರಿಂದ. ಇಷ್ಟು ವರ್ಷ ಆ ಗಾಳಿ ಎಲ್ಲಿಗೆ ಹೋಗಿತ್ತು ಎಂದು ಫ್ಯಾನಪ್ಪ ಕೇಳಲಿಲ್ಲ. ಹೂಂ ಅಂದ. ಹೂಂ ಅನ್ನುವುದಕ್ಕೆ ಅವನಿಗೆ ಬೆನ್ನು ಬಗ್ಗಿಸಬೇಕಾಗಿರಲಿಲ್ಲ.

ಅಣಬೆಗಳು ಅಗಲವಾಗಿ ಕಿವಿ ಬಿಟ್ಟವು. ಹೋಟೆಲಿನವರು ಬುಟ್ಟಿ ಖಾಲಿ ಮಾಡಿ ಇನ್ನೊಂದು ಕೇಳಿದರು. ಅತ್ತ ಅಣ್ಣನ ಕೀರ್ತಿಯೂ ಅಷ್ಟೇ ಅಗಲವಾಗಿ ಬೆಳೆಯಿತು. ಸಂಘದಲ್ಲಿ ಭಾಷಣ ಮಾಡಿ, ನಾಲ್ವರು ಹಿರಿಯರನ್ನು ಗಾಳಿ ತೋರಿಸಲು ಮನೆಗೇ ಕರೆದರು. ಅವರಲ್ಲೊಬ್ಬರು ನಿವೃತ್ತ ಇಂಜಿನಿಯರು.

"ಭಾವ ನಮ್ಮ ಫ್ಯಾನಿಗೆ ಶಾಲು ಹೊದಿಸೋದೊಂದು ಬಾಕಿ," ಎಂದಳು ಹೆಂಡತಿ. ನಗಲಿಲ್ಲ. ಅವಳಿಗೆ ಇಸ್ತ್ರಿ ಮೇಜು ಕಾಣುತ್ತಿತ್ತು.

ಆ ಸಂಜೆ ಇಂಜಿನಿಯರು ಬೆಂಚಿನ ಮೇಲೆ ಕೂತು, ಚಪ್ಪಲಿ ಬಿಟ್ಟು ಕಾಲು ಚಾಚಿ, "ಆಹಾ," ಅಂದರು. ಅಣ್ಣ ಗೋಡೆಯ ಓರೆ ವಿವರಿಸಲು ಕೋಲೆತ್ತಿದರು. ಅಷ್ಟರಲ್ಲಿ ಕರೆಂಟು ಹೋಯಿತು. ಜಗುಲಿಯ ದೀಪ ಆರಿತು, ಗಾಳಿಯೂ ನಿಂತಿತು.

"ಗಾಳಿ ಅಂದ್ಮೇಲೆ ನಿಂತು ನಿಂತು ಬೀಸ್ತದೆ," ಎಂದರು ಅಣ್ಣ.

ಕರೆಂಟು ಬಂತು. ಗಾಳಿ ಬಂತು. ಐದು ನಿಮಿಷಕ್ಕೆ ಎರಡೂ ಜೊತೆಯಾಗಿ ಹೋಗಿ ಜೊತೆಯಾಗಿಯೇ ವಾಪಸು ಬಂದವು.

ಇಂಜಿನಿಯರು ದೀಪ ನೋಡಿದರು, ತಮ್ಮ ಪಾದ ನೋಡಿದರು. "ಅಲ್ಲಾ ಸ್ವಾಮಿ, ನಿಮ್ಮ ಗಾಳಿ ಲೈಟ್ ಬಿಲ್ ಕಟ್ತದೋ ಹೇಗೆ?"

ಎಲ್ಲರೂ ನಕ್ಕರು. ಅಣ್ಣ ಒಂದು ಗಳಿಗೆ ತಡವಾಗಿ ನಕ್ಕರು.

ಅತಿಥಿಗಳು ಗೇಟು ದಾಟಿದ್ದೇ ತಡ, ಅಣ್ಣ ನೆಟ್ಟಗೆ ಹಿತ್ತಲಿಗೆ ನಡೆದು ಕೋಣೆಯ ಬಾಗಿಲು ದೂಡಿದರು. ಹೆಂಡತಿ ಬುಟ್ಟಿ ಹಿಡಿದುಕೊಂಡೇ ನಿಂತಳು. ಫ್ಯಾನಪ್ಪ ಹಿಂದಿನಿಂದ ಬಂದ. ಸುಳ್ಳೊಂದನ್ನು ಹೊಂದಿಸಲು ನೋಡಿದ, ಅದಕ್ಕೂ ಶಕ್ತಿ ಸಾಲಲಿಲ್ಲ.

"ಎಷ್ಟು ದಿನದಿಂದ ಇದು?"

"ನಾಲ್ಕು ತಿಂಗಳಾಯ್ತು ಭಾವ," ಎಂದಳು. "ಆ ಇಸ್ತ್ರಿ ಕೆಲಸ ಇನ್ನು ನನ್ನ ಕೈಲಿ ಆಗಲ್ಲ. ಇದು ಆಗ್ತದೆ."

ಅಣ್ಣ ಚೀಲ ನೋಡಿದರು, ಫ್ಯಾನು ನೋಡಿದರು, ಕೊಳವೆಯ ಗುಂಟ ಕಣ್ಣು ಹಾಯಿಸಿ ಗೋಡೆಗೆ ಬಂದರು. "ನಕ್ಷೆಯಲ್ಲಿ ಈ ತೂತು ಇರಲಿಲ್ಲ."

"ಇತ್ತು ಅಣ್ಣ. ಹಳೇ ಮೋರಿ. ನೀವೇ ಬಿಡಿಸಿದ್ದು."

"ನಾನೇ?"

"ನೀವೇ."

ಅಣ್ಣನ ಮುಖ ಸ್ವಲ್ಪ ಸಡಿಲಾಯಿತು. ಗಂಟಲು ಸರಿಮಾಡಿಕೊಂಡು, "ಮುಂದಿನ ತಿಂಗಳು ಸಂಘದ ಅಧ್ಯಕ್ಷರು ಬರ್ತಾರೆ," ಎಂದರು. "ಕರೆಂಟ್ ಹೋದ್ರೂ ಗಾಳಿ ನಿಲ್ಲಕೂಡದು. ನನ್ನ ರೂಮಿನ ಯುಪಿಎಸ್ ಬ್ಯಾಟರಿ ತಂದು ಇದಕ್ಕೆ ಕೊಡು."

"ಹಾಗಾದ್ರೆ ಬೀಗ, ಭಾವ?"

"ಬೀಗ ಹಾಕಲೇಬೇಕು," ಎಂದರು ಅಣ್ಣ ಗಂಭೀರವಾಗಿ. "ಕೀ ನೀನೇ ಇಟ್ಕೋ. ಯಾರಾದ್ರೂ ಬಂದು ಒಳಗೆ ನೋಡಿಬಿಟ್ರೆ?"

ಹೆಂಡತಿ ಬುಟ್ಟಿ ಕೆಳಗಿಟ್ಟು, ಅಲ್ಲೇ ಹುಲ್ಲಿನ ಮೂಟೆ ಮೇಲೆ ಕುಸಿದು ಕೂತಳು.

ಬ್ಯಾಟರಿ ಕಲ್ಲಿನಷ್ಟು ಭಾರವಿತ್ತು. ಮರದವರೆಗೆ ಹೊತ್ತು ತಂದ ಫ್ಯಾನಪ್ಪ ಅದನ್ನು ನೆಲಕ್ಕಿಟ್ಟು ಕಲ್ಲುಬೆಂಚಿನ ಮೇಲೆ ಕೂತ. ಪಾದಕ್ಕೆ ತಣ್ಣಗೆ ಗಾಳಿ ಸೋಕಿತು. ಇಷ್ಟು ವರ್ಷ ಊರಿಗೆಲ್ಲ ಫ್ಯಾನು ಕೂರಿಸಿದ್ದ, ಗಾಳಿ ಬರುವ ಕಡೆ ತಾನು ಕೂತದ್ದಿಲ್ಲ.

"ಏನೋ, ಕೂತೇ ಬಿಟ್ಯಾ?" ಅಣ್ಣನ ಸ್ವರ ಹಿತ್ತಲಿನಿಂದ.

"ಬಂದೆ ಅಣ್ಣ," ಎಂದ. ಏಳಲಿಲ್ಲ.